ದೊಡ್ಡ ಕೊಂಬಿನ ವೈಟ್‌ಟೇಲ್‌ಗೆ (ಅಮೆರಿಕದ ಬಿಳಿಬಾಲದ ಜಿಂಕೆ) ಯಾವ ಜಾಗ ಒಳ್ಳೇದು? ಜಿಂಕೆ ತಜ್ಞೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಾನಿರುವುದು ಇಲಿನಾಯ್‌ನಲ್ಲಿ, ಶಿಕಾಗೋ ಹೊರವಲಯ. ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿದ್ದೇನೆ. ಆಫೀಸಿನ ಗೆಳೆಯನ ಜೊತೆ ಹೋಗಿ ಹೆಣ್ಣು ಜಿಂಕೆ ಹೊಡೆದ ಅನುಭವ ಇದೆ. ಈಗ ದೊಡ್ಡ ಕೊಂಬಿನ ಗಂಡಿನ ಆಸೆ. ಕೊಂಬಿನ ಅಳತೆಗಳನ್ನೆಲ್ಲ ಕೂಡಿದರೆ 150 ಇಂಚು ದಾಟುವಂಥದ್ದು ಸಿಕ್ಕರೆ ಸಾಕು. ಒಬ್ಬರು ಅಯೋವಾ ಅಂತಾರೆ, ಇನ್ನೊಬ್ಬರು ಟೆಕ್ಸಸ್ ಅಂತಾರೆ, ಮತ್ತೊಬ್ಬರು ವಿಸ್ಕಾನ್ಸಿನ್‌ನ ಬಫಲೋ ಕೌಂಟಿ ಬಿಟ್ಟು ಬೇರೆ ಹೆಸರೇ ಎತ್ತಲ್ಲ. ವರ್ಷಕ್ಕೆ ಒಂದು ವಾರ ರಜೆ ಅಷ್ಟೇ. ಎಲ್ಲಿಗೆ ಹೋಗಲಿ?

ಉತ್ತರ: ಮೂವರೂ ಸುಳ್ಳು ಹೇಳಿಲ್ಲ. ಆದರೆ ಅಲ್ಲಿ ಗಂಡು ಜಿಂಕೆಗಳನ್ನು ಎಷ್ಟು ವರ್ಷ ಬದುಕಲು ಬಿಡ್ತಾರೆ ಅನ್ನೋ ಮಾತನ್ನು ಮೂವರೂ ಆಡಿಲ್ಲ. ಜಾಗ ಹುಡುಕುವಾಗ ನಾನು ಮೊದಲು ಕೇಳೋದು ಅದನ್ನೇ.

ಕೊಂಬು ಪ್ರತಿ ವರ್ಷ ಉದುರಿ ಹೊಸದಾಗಿ ಬೆಳೆಯುತ್ತೆ. ವಸಂತದಲ್ಲಿ ಶುರುವಾಗಿ ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ ಮೇಲಿನ ಮಖಮಲ್ ಸುಲಿದು ಗಟ್ಟಿಯಾಗುತ್ತೆ. ಅಷ್ಟು ಕಡಿಮೆ ತಿಂಗಳಲ್ಲಿ ಬೇಕಾದ ಖನಿಜ ತಿನ್ನೋ ಮೇವಿನಿಂದಲೇ ಪೂರ್ತಿ ಸಿಗಲ್ಲ. ಪಕ್ಕೆಲುಬಿನಿಂದಲೂ ಕ್ಯಾಲ್ಸಿಯಂ, ಫಾಸ್ಫರಸ್ ಕಿತ್ತು ಕೊಂಬಿಗೆ ಹಾಕುತ್ತೆ ಅದರ ಮೈ. ಒಂದೂವರೆ ವರ್ಷದ ಗಂಡಿನ ಮೈಯೇ ಇನ್ನೂ ಬೆಳೀತಾ ಇರುತ್ತೆ, ಕೊಂಬಿಗೆ ಉಳಿಯೋದು ಚೂರುಪಾರು. ನಾಲ್ಕೂವರೆ ವರ್ಷಕ್ಕೆ ಅದರ ತಾಕತ್ತಿನ ಬಹುಪಾಲು ಕೊಂಬಲ್ಲಿ ಕಾಣುತ್ತೆ. ಐದರಿಂದ ಏಳು ವರ್ಷದ ನಡುವೆ ತುತ್ತತುದಿ.

ವಯಸ್ಸು, ಮೇವು, ತಳಿ: ಕೊಂಬಿನ ಗಾತ್ರ ಈ ಮೂರರ ಮೇಲೆ ನಿಂತಿದೆ. ತಳಿ ನಿಮ್ಮ ಕೈಲಿಲ್ಲ, ಮ್ಯಾಪಲ್ಲೂ ಕಾಣಲ್ಲ. ಜನ ಅದನ್ನೇ ಜಾಸ್ತಿ ಮಾತಾಡ್ತಾರೆ, ಸುಮ್ನೆ. ಮಿಸಿಸಿಪ್ಪಿ ಸ್ಟೇಟ್ ಯೂನಿವರ್ಸಿಟಿಯವರು ಬಡ ಮಣ್ಣಿನ ಸೀಮೆಯ ಜಿಂಕೆಗಳಿಗೆ ಒಳ್ಳೆ ಮೇವು ಕೊಟ್ಟು ಸಾಕಿದರು. ಎರಡು ತಲೆಮಾರಿನೊಳಗೆ ಅವುಗಳ ಮೈ, ಕೊಂಬು ಎರಡೂ ಎದ್ದು ಕಾಣುವಷ್ಟು ಹೆಚ್ಚಿದವು. ಕೆಟ್ಟ ತಳಿ ಅಂತ ಜರಿಯೋ ಎಷ್ಟೋ ಕಡೆ ಕೊರತೆ ಇರೋದು ಮಣ್ಣಲ್ಲಿ.

ಹಾಗಾಗಿ ಮ್ಯಾಪಲ್ಲಿ ಎರಡು ಹುಡುಕಿ: ಫಲವತ್ತಾದ ಮಣ್ಣು, ಗಂಡು ಮುದಿಯಾಗಲು ಬಿಡುವ ನಿಯಮ.

ಮಣ್ಣಿನ ಕಥೆ ಸುಲಭ. ಮೇಲ್ ಮಿಸಿಸಿಪ್ಪಿ, ಇಲಿನಾಯ್ ನದಿಗಳ ಅಂಚಿನಲ್ಲಿ ಗಾಳಿ ತಂದು ಒಟ್ಟಿದ ಮೆತ್ತನೆ ಮಣ್ಣು, ಅದರ ಮೇಲೆ ಮೆಕ್ಕೆಜೋಳ, ಸೋಯಾ. ಪಕ್ಕದಲ್ಲೇ ಉಳುಮೆಗೆ ಬಗ್ಗದ ಕಡಿದಾದ ಕಾಡುಗುಡ್ಡ. ತಿನ್ನೋಕೆ ಹೊಲ, ಬಚ್ಚಿಟ್ಟುಕೊಳ್ಳೋಕೆ ಗುಡ್ಡ. ಬಫಲೋ ಕೌಂಟಿ ಹೆಸರು ಮಾಡಿದ್ದು ಇದರಿಂದಲೇ.

ನಿಯಮದ ಕಥೆ ಸ್ವಲ್ಪ ಉದ್ದ. ಈ ಸೀಮೆಯಲ್ಲಿ ಬೆದೆ ಏರೋದು ನವೆಂಬರ್ ಮಧ್ಯದಲ್ಲಿ. ಆಗ ಎಂಥ ಜಾಣ ಮುದಿ ಗಂಡೂ ಹಗಲಲ್ಲಿ ಹೆಣ್ಣಿನ ಹಿಂದೆ ಅಲೆಯುತ್ತೆ. ಆ ಹದಿನೈದು ದಿನ ಎಲ್ಲರ ಕೈಯಲ್ಲೂ ರೈಫಲ್ ಇದ್ದರೆ ಗಂಡುಗಳು ಮುದಿಯಾಗೋದು ಎಲ್ಲಿಂದ? ಅಯೋವಾದಲ್ಲಿ ಶಾಟ್‌ಗನ್ (ರೈಫಲ್‌ನಷ್ಟು ದೂರ ಹೊಡೆಯಲಾಗದ ಕೋವಿ) ಸೀಸನ್ ಡಿಸೆಂಬರ್‌ಗೆ ಇಟ್ಟಿದ್ದಾರೆ. ಬೆದೆಯ ಹೊತ್ತಲ್ಲಿ ಹೆಚ್ಚೂಕಡಿಮೆ ಬಿಲ್ಲಿನವರದೇ ರಾಜ್ಯ. ನಿಮ್ಮ ಇಲಿನಾಯ್‌ನಲ್ಲಿ ಕೋವಿ ಸೀಸನ್ ನವೆಂಬರ್‌ನಲ್ಲೇ ಬಂದರೂ ತಿಂಗಳ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚೆ ಮೂರು ದಿನ, ಆಮೇಲೆ ನಾಲ್ಕು ದಿನ, ಮುಗೀತು. ಅದೂ ಬಹಳ ವರ್ಷ ಹೆಚ್ಚಾಗಿ ಶಾಟ್‌ಗನ್ನೇ ಪದ್ಧತಿಯಾಗಿತ್ತು. ಒಹಾಯೋ, ಕೆಂಟಕಿಯಲ್ಲಿ ಒಬ್ಬರಿಗೆ ವರ್ಷಕ್ಕೆ ಒಂದೇ ಗಂಡು. ಒಂದೇ ಟ್ಯಾಗ್ (ಒಂದು ಜಿಂಕೆ ಹೊಡೆಯೋಕೆ ಕೊಡುವ ಪರವಾನಗಿ ಚೀಟಿ) ಇದ್ದಾಗ ಮರಿ ಗಂಡನ್ನು ನೋಡಿಯೂ ಬಿಡೋಕೆ ಮನಸ್ಸು ಬರುತ್ತೆ, ಅಲ್ವಾ?

ಈಗ ನಿಮ್ಮ ಮೂರು ಹೆಸರಿಗೆ ಬರ್ತೀನಿ.

ಅಯೋವಾ ಹಿಡಿಯಬೇಕಂದ್ರೆ ತಾಳ್ಮೆ ಬೇಕು. ಹೊರ ರಾಜ್ಯದವರಿಗೆ ಇಟ್ಟಿರೋದು 6,000 ಟ್ಯಾಗ್, ಅದೂ ಲಾಟರಿ. ದಕ್ಷಿಣದ ಒಳ್ಳೆ ವಲಯಗಳಲ್ಲಿ ಬಿಲ್ಲಿನ ಟ್ಯಾಗ್‌ಗೆ ಪ್ರಿಫರೆನ್ಸ್ ಪಾಯಿಂಟ್ (ಲಾಟರಿಯಲ್ಲಿ ಆದ್ಯತೆ ತರುವ ಅಂಕ) ಕೂಡಿಸುತ್ತಾ ಕೆಲವು ವರ್ಷ ಕಾಯಬೇಕು. ಮೇ ತಿಂಗಳಲ್ಲಿ ಅರ್ಜಿ ತೆರೆದಾಗ ಪಾಯಿಂಟ್ ಕೊಳ್ಳೋಕೆ ಈ ವರ್ಷದಿಂದಲೇ ಶುರು ಮಾಡಿ.

ದಕ್ಷಿಣ ಟೆಕ್ಸಸ್‌ನ ಕುರುಚಲಲ್ಲಿ ದೊಡ್ಡವು ಖಂಡಿತ ಇವೆ. ಆದರೆ ಆ ರಾಜ್ಯದ ಸುಮಾರು ಶೇ 95 ನೆಲ ಖಾಸಗಿ. ಗುತ್ತಿಗೆ ಇಲ್ಲವೇ ರ‍್ಯಾಂಚ್ ಪ್ಯಾಕೇಜು, ದುಡ್ಡಿದ್ದವರ ಆಟ.

ಬಫಲೋ ಕೌಂಟಿಗೆ ಲಾಟರಿ ಇಲ್ಲ, ಟ್ಯಾಗ್ ನೇರ ಸಿಗುತ್ತೆ. ಹೆಸರು ಮಾಡಿದ ಮೇಲೆ ಒಳ್ಳೆ ಗುಡ್ಡಗಳೆಲ್ಲ ಗುತ್ತಿಗೆಗೆ ಹೋಗಿವೆ, ಸಾರ್ವಜನಿಕ ಜಾಗದಲ್ಲಿ ಜನವೋ ಜನ.

ನಾನು ನಿಮ್ಮ ಜಾಗದಲ್ಲಿದ್ದರೆ ಇಲಿನಾಯ್ ಬಿಟ್ಟು ಹೋಗ್ತಿರಲಿಲ್ಲ. ಪಶ್ಚಿಮದ ಪೈಕ್, ಆಡಮ್ಸ್, ಬ್ರೌನ್ ಕೌಂಟಿಗಳಿಗೆ ಜನ ಬೇರೆ ರಾಜ್ಯದಿಂದ ದುಡ್ಡು ಸುರಿದು ಬರ್ತಾರೆ. ನೀವು ರಾಜ್ಯದ ನಿವಾಸಿ, ಬಿಲ್ಲಿನ ಪರ್ಮಿಟ್ ಕೌಂಟರಲ್ಲೇ ಸಿಗುತ್ತೆ. ಬಿಲ್ಲು ಕಲಿಯಿರಿ, ಆ ಒಂದು ವಾರವನ್ನು ನವೆಂಬರ್ ಮೊದಲ ಹದಿನೈದು ದಿನದಲ್ಲಿ ಇಟ್ಟುಕೊಳ್ಳಿ. ಖಾಸಗಿ ಜಾಗ ಸಿಗದಿದ್ದರೆ ಸಿಲೋಮ್ ಸ್ಪ್ರಿಂಗ್ಸ್, ಜಿಮ್ ಎಡ್ಗರ್ ಪ್ಯಾಂಥರ್ ಕ್ರೀಕ್‌ನಂಥ ರಾಜ್ಯದ ಜಾಗಗಳಿವೆ. ಪ್ರತಿಯೊಂದಕ್ಕೂ ಅದರದೇ ನಿಯಮ ಇರುತ್ತೆ, ಓದಿಕೊಂಡು ಹೋಗಿ.

ಪ್ರಶ್ನೆ (ಅದೇ ಸದಸ್ಯರು): ತುಂಬಾ ಥ್ಯಾಂಕ್ಸ್ ಮೇಡಂ. ರೆಕಾರ್ಡ್ ಪುಸ್ತಕದ ಪ್ರಕಾರ ಕೌಂಟಿಗಳಿಗೆ ಬಣ್ಣ ಬಳಿದ ಮ್ಯಾಪ್‌ಗಳು ಸಿಗ್ತವಲ್ಲ, ಅವನ್ನು ನಂಬಬಹುದಾ?

ಉತ್ತರ: ನೋಡಿ, ಆದರೆ ಅದರ ಮೇಲೇ ನಿಲ್ಲಬೇಡಿ. 1887ರಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಶುರು ಮಾಡಿದ ಬೂನ್ ಅಂಡ್ ಕ್ರೊಕೆಟ್ ಕ್ಲಬ್ ಈ ಲೆಕ್ಕ ಇಡುತ್ತೆ. ಸಮನಾಗಿ ಬೆಳೆದ ವೈಟ್‌ಟೇಲ್ ಕೊಂಬು ಅವರ ಸಾರ್ವಕಾಲಿಕ ಪಟ್ಟಿಗೆ ಸೇರಲು 170 ಇಂಚು ಬೇಕು. ಎರಡು ಮುಖ್ಯ ಕೊಂಬಿನ ಉದ್ದ, ಟಿಸಿಲುಗಳ ಉದ್ದ, ಬುಡದಿಂದ ಮೇಲಕ್ಕೆ ಸುತ್ತಳತೆ, ಒಳಗಿನ ಅಗಲ ಎಲ್ಲ ಕೂಡಿ, ಎಡ ಬಲ ವ್ಯತ್ಯಾಸ ಕಳೀತಾರೆ. ಅದೂ 60 ದಿನ ಒಣಗಿದ ಮೇಲೆ. ನಿಮ್ಮ 150 ಅಲ್ಲಿಗೆ ಸಾಲಲ್ಲ. ಬಿಲ್ಲಿನವರ ಪೋಪ್ ಅಂಡ್ ಯಂಗ್ ಪಟ್ಟಿಗೆ 125 ಸಾಕು.

ತೊಂದರೆ ಏನಂದ್ರೆ, ಹೊಡೆದವರೆಲ್ಲ ನೋಂದಾಯಿಸಲ್ಲ. ದೊಡ್ಡ ಕೌಂಟಿಗೆ ಹೆಸರೂ ಜಾಸ್ತಿ ಬರುತ್ತೆ. ಎಷ್ಟೋ ದಾಖಲೆ ಹಳೇವು. ಕಳೆದ ಹತ್ತು ವರ್ಷದ್ದನ್ನು ಮಾತ್ರ ತೆಗೆದು ಚದರ ಮೈಲಿಗೆ ಎಷ್ಟು ಅಂತ ಭಾಗಿಸಿ. ಹೆಸರಾದ ಕೌಂಟಿಯ ಪಕ್ಕದಲ್ಲಿ, ಅದೇ ಮಣ್ಣು, ಅದೇ ಗುಡ್ಡ ಇದ್ದೂ ಯಾರೂ ಮಾತಾಡದ ಕೌಂಟಿ ಇರುತ್ತೆ. ನನ್ನ ಕಣ್ಣು ಯಾವಾಗಲೂ ಅಂಥದರ ಮೇಲೆ.

ಅದಕ್ಕಿಂತ ಒಳ್ಳೆ ಅಂಕಿ ಒಂದಿದೆ: ಹೊಡೆದ ಗಂಡುಗಳಲ್ಲಿ ಒಂದೂವರೆ ವರ್ಷದವು ಶೇಕಡಾ ಎಷ್ಟು. ಹಲವು ರಾಜ್ಯಗಳು ಇದನ್ನು ಪ್ರಕಟಿಸುತ್ತವೆ. ನಾವು ವಯಸ್ಸು ನೋಡೋದು ಕೆಳದವಡೆಯಲ್ಲಿ. ಕೆನ್ನೆ ಸರಿಸಿ ಟಾರ್ಚ್ ಬಿಟ್ಟರೆ ಮೂರನೇ ಹಲ್ಲು ಕಾಣುತ್ತೆ. ಅದಕ್ಕೆ ಮೂರು ಉಬ್ಬು ಇದ್ದರೆ ಇನ್ನೂ ಹಾಲುಹಲ್ಲು, ಒಂದೂವರೆ ವರ್ಷದೊಳಗಿನದು. ಅದು ಬಿದ್ದು ಎರಡು ಉಬ್ಬಿನ ಹಲ್ಲು ಬಂದಿದ್ದರೆ ವಯಸ್ಸು ಅದನ್ನು ದಾಟಿದೆ, ಆಮೇಲೆ ಸವೆತ ನೋಡಿ ಅಂದಾಜು. 1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹೊಡೆದ ಗಂಡುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಮರಿಗಳೇ. ಈಗ ಮೂರನೇ ಒಂದರ ಒಳಗೆ ಇಳಿದಿದೆ. ಈ ಅಂಕಿ ಕಡಿಮೆ ಇರುವ ಕಡೆ ಹೋಗಿ.

ಇನ್ನೊಬ್ಬ ಸದಸ್ಯರು: ಮೇಡಂ, ನಾನು ಎಚ್‌-1ಬಿ ವೀಸಾದಲ್ಲಿದ್ದೇನೆ. ಕೋವಿ ಹಿಡಿಯಬಹುದಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಉತ್ತರ: ಇದನ್ನು ಹಗುರವಾಗಿ ತಗೋಬೇಡಿ. ಫೆಡರಲ್ ಕಾನೂನಿನಲ್ಲಿ ತಾತ್ಕಾಲಿಕ ವೀಸಾದವರು ಕೋವಿ, ಗುಂಡು ಇಟ್ಟುಕೊಳ್ಳೋದು ಅಪರಾಧ. ವಿನಾಯಿತಿ ಇದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿರಬೇಕು. ಅದರ ಅವಧಿ ಮುಗಿದ ದಿನ ವಿನಾಯಿತಿಯೂ ಮುಗೀತು. ಗೆಳೆಯನ ಕೋವಿಯನ್ನು ಐದು ನಿಮಿಷ ಹಿಡಿದರೂ ಇದೇ ನಿಯಮ. ಇಲಿನಾಯ್‌ನಲ್ಲಿ ಇದರ ಮೇಲೆ ಫಾಯ್ಡ್ ಕಾರ್ಡ್ (ಕೋವಿ ಇಟ್ಟುಕೊಳ್ಳೋರಿಗೆ ರಾಜ್ಯ ಕೊಡುವ ಗುರುತಿನ ಚೀಟಿ) ಬೇರೆ ಬೇಕು. ನಾನು ಜಿಂಕೆಯವಳು, ವಕೀಲಳಲ್ಲ. ಒಮ್ಮೆ ಇಮಿಗ್ರೇಶನ್ ವಕೀಲರನ್ನು ಕೇಳಿ. ಬಿಲ್ಲಿಗೆ ಈ ಫೆಡರಲ್ ತಲೆನೋವು ಇಲ್ಲ, ಬೇಟೆ ಲೈಸೆನ್ಸ್ ಮಾತ್ರ ಬೇಕೇ ಬೇಕು.

ಮತ್ತೊಬ್ಬ ಸದಸ್ಯರು: ಸುಮ್ನೆ ಬೇಲಿ ಹಾಕಿದ ರ‍್ಯಾಂಚ್‌ಗೆ ಹೋದರೆ 200 ಇಂಚಿನದೇ ಗ್ಯಾರಂಟಿ ಅಂತಾರಲ್ಲ?

ಉತ್ತರ: ಗ್ಯಾರಂಟಿನೇ. ತಳಿ ನೋಡಿ, ಪುಷ್ಟಿಯ ತಿಂಡಿ ಹಾಕಿ ಸಾಕಿರ್ತಾರೆ. ತಪ್ಪಿಸಿಕೊಂಡು ಹೋಗದ ಹಾಗೆ ಎತ್ತರದ ಬೇಲಿ ಇರುತ್ತೆ. ಅಂಥದ್ದನ್ನು ಬೂನ್ ಅಂಡ್ ಕ್ರೊಕೆಟ್ ಲೆಕ್ಕಕ್ಕೇ ತಗೊಳ್ಳಲ್ಲ. ನನಗೂ ಅದು ಬೇಟೆ ಅನ್ನಿಸಲ್ಲ.

ಪ್ರಶ್ನೆ (ಮೊದಲ ಸದಸ್ಯರು): ಸರಿ, ಪೈಕ್ ಸುತ್ತಮುತ್ತ ಅಂತ ತೀರ್ಮಾನ ಆಯ್ತು. ಜಾಗಕ್ಕೆ ಹೋದ ಮೇಲೆ ಗುಡ್ಡದಲ್ಲಿ ಎಲ್ಲಿ ಕೂರೋದು?

ಉತ್ತರ: ನಿಂತು ನೋಡಬೇಕಾದ್ದು ಇದನ್ನೇ. ಮುದಿ ಗಂಡು ಮಲಗೋ ಜಾಗ ಆರಿಸೋದು ಮೂಗಿನಿಂದ. ಗುಡ್ಡದ ಗಾಳಿಮರೆ ಬದಿಯಲ್ಲಿ, ನೆತ್ತಿಯಿಂದ ಸ್ವಲ್ಪ ಕೆಳಗೆ, ಮೇಲಿನ ಮೂರನೇ ಒಂದು ಭಾಗದಲ್ಲಿ ಮಲಗುತ್ತೆ. ನೆತ್ತಿ ಹಾರಿ ಬರುವ ಗಾಳಿ ಬೆನ್ನ ಹಿಂದಿನ ವಾಸನೆ ತರುತ್ತೆ. ಬಿಸಿಲೇರಿದ ಮೇಲೆ ಕಣಿವೆಯಿಂದ ಬೆಚ್ಚನೆ ಗಾಳಿ ಮೇಲೇರಿ ಕೆಳಗಿನ ವಾಸನೆಯನ್ನೂ ತಂದು ಕೊಡುತ್ತೆ. ಮುಂದಿರೋದನ್ನು ನೋಡೋಕೆ ಕಣ್ಣಿದೆ. ಚಾಚಿದ ದಿಬ್ಬದ ತುದಿಗಳಲ್ಲಿ ತರಗೆಲೆ ಒತ್ತಿ ಹೋದ, ಉದ್ದನೆಯ ಒಂಟಿ ಹಾಸು ಕಂಡರೆ ಅದು ಗಂಡಿನದು ಇರಬಹುದು. ಹೆಣ್ಣು, ಮರಿಗಳದ್ದು ಗುಂಪಾಗಿ ನಾಲ್ಕೈದು ಇರುತ್ತವೆ. ಹತ್ತಿರದಲ್ಲಿ ನಿಮ್ಮ ತೊಡೆ ದಪ್ಪದ ಮರದ ತೊಗಟೆ ಕೊಂಬಿನಿಂದ ಸುಲಿದಿದ್ದರೆ ಇನ್ನೂ ಒಳ್ಳೆ ಸೂಚನೆ. ಬೆರಳು ದಪ್ಪದ ಗಿಡವನ್ನು ಎಲ್ಲ ಗಂಡುಗಳೂ ತಿಕ್ಕುತ್ತವೆ.

ಹಾಸಿನ ಮೇಲೇ ಅಟ್ಟಣೆ ಕಟ್ಟಬೇಡಿ. ಬೆದೆ ಹೊತ್ತಲ್ಲಿ ಹೆಣ್ಣುಗಳು ಮಲಗೋ ಜಾಗದ ಗಾಳಿಮರೆಯಲ್ಲಿ ಗಂಡು ಹಾದು ಮೂಸುತ್ತೆ. ಎರಡು ಗುಡ್ಡ ಕೂಡುವ ತಗ್ಗಿನಲ್ಲಿ, ನಿಮ್ಮ ವಾಸನೆ ಖಾಲಿ ಹೊಲದ ಕಡೆ ಹೋಗುವಂತೆ ಕೂತುಕೊಳ್ಳಿ. ಸಾರ್ವಜನಿಕ ಜಾಗವಾದರೆ ಪಾರ್ಕಿಂಗ್‌ನಿಂದ ಹೆಚ್ಚಿನವರು ಎಲ್ಲಿವರೆಗೆ ನಡೀತಾರೆ ನೋಡಿ, ಅಲ್ಲಿಂದ ಮುಂದೆ ಹೋಗಿ. ಕೆಲವೊಮ್ಮೆ ರಸ್ತೆ ಪಕ್ಕದ, ಎಲ್ಲರೂ ದಾಟಿ ಹೋಗುವ ಪುಟ್ಟ ಪೊದೆಯಲ್ಲೇ ಅದು ಬಚ್ಚಿಟ್ಟುಕೊಂಡಿರುತ್ತೆ.

ಇನ್ನೊಬ್ಬರು: ಕಾಯಿಲೆ ಇರೋ ಜಿಂಕೆಗಳ ಸುದ್ದಿ ಕೇಳ್ತೀವಿ. ಜಾಗ ಆರಿಸೋಕೆ ಅದೂ ಮುಖ್ಯವಾ?

ಉತ್ತರ: ಹೌದು, ಎರಡು ಬೇರೆ ಬೇರೆ ಕಾಯಿಲೆ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಮೆದುಳಿಗೆ ಬರುವ, ವಾಸಿಯಾಗದ ರೋಗ. ಮೊದಲು ಕಂಡಿದ್ದು 1967ರಲ್ಲಿ ಕೊಲರಾಡೋದಲ್ಲಿ. ವಿಸ್ಕಾನ್ಸಿನ್, ಇಲಿನಾಯ್ ಎರಡರಲ್ಲೂ 2002ರಲ್ಲಿ ಪತ್ತೆಯಾಯ್ತು. ವಯಸ್ಸಾದ ಗಂಡುಗಳಲ್ಲೇ ಜಾಸ್ತಿ, ಅಂದರೆ ನೀವು ಹುಡುಕುವವುಗಳಲ್ಲೇ. ಮನುಷ್ಯರಿಗೆ ಬಂದ ಖಚಿತ ಪ್ರಕರಣ ಇಲ್ಲ. ಆದರೂ ಪಾಸಿಟಿವ್ ಬಂದ ಮಾಂಸ ತಿನ್ನಬೇಡಿ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತೆ. ಟೆಸ್ಟ್ ಮಾಡಿಸಿ, ಫಲಿತಾಂಶ ಬರೋವರೆಗೆ ಮಾಂಸ ಫ್ರೀಜರಲ್ಲಿರಲಿ. ತಲೆ, ಬೆನ್ನುಹುರಿ ರಾಜ್ಯದ ಗಡಿ ದಾಟಿಸೋಕೆ ಹಲವು ಕಡೆ ನಿಷೇಧ ಇದೆ.

ಇನ್ನೊಂದು ಇಎಚ್‌ಡಿ, ಜಿಂಕೆಗಳಿಗೆ ಬರುವ ರಕ್ತಸ್ರಾವದ ವೈರಸ್ ಕಾಯಿಲೆ. ಸಣ್ಣ ನೊಣ ಕಚ್ಚಿ ಬರೋದು, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ನೀರಿನ ಪಕ್ಕ ಸತ್ತು ಬಿದ್ದಿರ್ತವೆ. ಜೋರಾಗಿ ಬಡಿದ ಕೌಂಟಿಗೆ ಮೂರ್ನಾಲ್ಕು ವರ್ಷ ಹೋಗಬೇಡಿ, ಅಲ್ಲಿ ಹೊಸ ಗಂಡುಗಳು ಬಲಿಯೋಕೆ ಅಷ್ಟು ಸಮಯ ಬೇಕು.

ಪ್ರಶ್ನೆ (ಮೊದಲ ಸದಸ್ಯರು): ಕೊನೇದು ಮೇಡಂ. ಸೀಸನ್‌ಗೆ ಮುಂಚೆ ಜಾಗ ನೋಡೋಕೆ ಯಾವಾಗ ಹೋಗಲಿ? ಕ್ಯಾಮರಾ ಕಟ್ಟಲಾ?

ಉತ್ತರ: ಫೆಬ್ರವರಿ, ಮಾರ್ಚ್. ಎಲೆ ಇರಲ್ಲ, ಹಳೆ ದಾರಿಗಳೆಲ್ಲ ಕಾಣ್ತವೆ, ನೀವು ಓಡಾಡಿದ್ದನ್ನು ಜಿಂಕೆ ನವೆಂಬರ್ ಹೊತ್ತಿಗೆ ಮರೆತಿರುತ್ತೆ. ಉದುರಿದ ದೊಡ್ಡ ಕೊಂಬೊಂದು ಸಿಕ್ಕರೆ ಆ ಗಂಡು ಕೋವಿ ಸೀಸನ್ ದಾಟಿ ಬದುಕಿತ್ತು ಅಂತ ಲೆಕ್ಕ. ಮನೆಗೆ ತರುವ ಮುಂಚೆ ಆ ಜಾಗದ ನಿಯಮ ಕೇಳಿ. ಕ್ಯಾಮರಾ ಆಗಸ್ಟ್‌ನಲ್ಲಿ ಸೋಯಾ ಹೊಲದ ಅಂಚಿಗೆ ಕಟ್ಟಿ, ಆದರೆ ಬೇಸಿಗೆಯಲ್ಲಿ ಕಂಡ ಗಂಡು ಕೊಂಬು ಗಟ್ಟಿಯಾದ ಮೇಲೆ ಬೇರೆ ಕಡೆ ಹೋಗೋದೂ ಉಂಟು. ಅಕ್ಟೋಬರ್ ಕೊನೆಯ ಫೋಟೋಗೆ ಜಾಸ್ತಿ ಬೆಲೆ ಕೊಡಿ. ಸಾರ್ವಜನಿಕ ಜಾಗದಲ್ಲಿ ಕಟ್ಟುವ ಮುಂಚೆ ಆಫೀಸಿಗೆ ಫೋನ್ ಮಾಡಿ. ಕ್ಯಾನ್ಸಸ್‌ನಲ್ಲಿ ಇಲಾಖೆಯ ಜಮೀನುಗಳಲ್ಲಿ ಕ್ಯಾಮರಾ ನಿಷೇಧಿಸಿದ್ದಾರೆ.