ಕೇಂದ್ರ ಸಚಿವರ ಜನಸಂಪರ್ಕ ಸಭೆ: ಮೈಕ್ ಸಿಕ್ಕರೆ ಏನು ಕೇಳಬೇಕು?

ಎಸ್‌ಡಿಎಂಸಿ ಅಮ್ಮ ಕೇಳಿದ್ದು:

ಮುಂದಿನ ವಾರ ನಮ್ಮ ತಾಲ್ಲೂಕಿನಲ್ಲಿ ಜನಸಂಪರ್ಕ ಸಭೆ ಇದೆ. ನಮ್ಮ ಸಂಸದರು ಬರುತ್ತಾರೆ, ಜೊತೆಗೆ ಕೇಂದ್ರದ ಒಬ್ಬ ರಾಜ್ಯ ಸಚಿವರೂ ಬರುತ್ತಾರಂತೆ. ನಾನು ಇಲ್ಲಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ಶಾಲೆ ಇರುವುದು ರಾಷ್ಟ್ರೀಯ ಹೆದ್ದಾರಿಯ ಆ ಕಡೆ. ಹೆಚ್ಚಿನ ಮಕ್ಕಳ ಮನೆ ಈ ಕಡೆ. ರಸ್ತೆ ನಾಲ್ಕು ಪಥ ಆದಾಗ ಡಿವೈಡರ್‌ನಲ್ಲಿದ್ದ ದಾರಿ ಮುಚ್ಚಿದರು. ಅಂಡರ್‌ಪಾಸ್ ಇದೆ, ಆದರೆ ದೂರ. ಮಕ್ಕಳು ಅಷ್ಟು ಸುತ್ತಿ ಹೋಗ್ತಾರಾ? ಡಿವೈಡರ್ ಹತ್ತಿ ಇಳಿಯುತ್ತಾರೆ. ದೊಡ್ಡವರು ಚಿಕ್ಕವರನ್ನು ಎತ್ತಿ ಆ ಕಡೆ ಇಳಿಸುವುದನ್ನು ನೋಡಿದರೆ ಎದೆ ಝಲ್ ಅನ್ನುತ್ತದೆ.

ನಮಗೆ ಬೇಕಿರುವುದು ಒಂದು ಪಾದಚಾರಿ ಮೇಲ್ಸೇತುವೆ. ಹಿಂದೆ ಇಂಥದ್ದೇ ಸಭೆಗೆ ಹೋಗಿದ್ದೆವು. ಹಾರ, ಶಾಲು, ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಅರ್ಧ ಹೊತ್ತು ಹೋಗಿತ್ತು. ನಮ್ಮ ಮನವಿ ಪತ್ರ ಯಾರ ಕೈ ಸೇರಿತು ಅನ್ನುವುದೂ ಗೊತ್ತಾಗಲಿಲ್ಲ. ಈ ಸಲ ಏನು ಮಾಡಿದರೆ ಒಳ್ಳೆಯದು? ಸಮವಸ್ತ್ರ ಹಾಕಿಸಿ ಮಕ್ಕಳನ್ನೇ ಕರೆದುಕೊಂಡು ಹೋಗಿ ಅಂತ ಕೆಲವರು ಹೇಳುತ್ತಿದ್ದಾರೆ. ನನಗ್ಯಾಕೋ ಅದು ಸರಿ ಕಾಣುತ್ತಿಲ್ಲ.

ಟಪಾಲು ಮೇಜು ಬರೆದದ್ದು:

ಮೇಡಂ, ನಾನು ತಾಲ್ಲೂಕು ಕಚೇರಿಯಲ್ಲಿ ಕೇಸ್‌ವರ್ಕರ್ ಆಗಿದ್ದವನು, ಈಗ ನಿವೃತ್ತ. ಇಂಥ ಸಭೆಗಳಲ್ಲಿ ವೇದಿಕೆಯ ಪಕ್ಕ ಮೇಜು ಹಾಕಿಕೊಂಡು ಅರ್ಜಿಗಳನ್ನು ರಿಜಿಸ್ಟರಿಗೆ ಹತ್ತಿಸುವುದು ನನ್ನ ಕೆಲಸವಾಗಿತ್ತು. ಮೇಜಿನ ಆ ಬದಿಯಿಂದ ಕಂಡದ್ದನ್ನು ಹೇಳುತ್ತೇನೆ.

ಸಚಿವರ ಕೈಗೆ ಕೊಟ್ಟ ಕಾಗದ ಅವರ ಕೈಯಲ್ಲಿ ಇರುವುದು ಫೋಟೋ ಆಗುವವರೆಗೆ ಮಾತ್ರ. ಅಲ್ಲಿಂದ ಆಪ್ತ ಸಹಾಯಕರಿಗೆ, ಅವರಿಂದ ಒಂದು ಚೀಲಕ್ಕೆ. ಆಮೇಲೆ ‘ಸೂಕ್ತ ಕ್ರಮಕ್ಕಾಗಿ’ ಅಂತ ಷರಾ ಬಿದ್ದು ಜಿಲ್ಲಾಧಿಕಾರಿ ಕಚೇರಿಗೆ ಬರುತ್ತದೆ. ಅವರು ಯಾವುದೋ ಇಲಾಖೆಗೆ ಮಾರ್ಕ್ ಮಾಡುತ್ತಾರೆ. ನೀವು ‘ನಮ್ಮ ಶಾಲೆ ಮುಂದಿನ ರಸ್ತೆ’ ಅಂತಷ್ಟೇ ಬರೆದಿದ್ದರೆ ಅದು ರಾಜ್ಯದ ಲೋಕೋಪಯೋಗಿ ಇಲಾಖೆಗೆ ಹೋಗಬಹುದು. ‘ಸದರಿ ರಸ್ತೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅಂತ ಅವರು ಹಿಂಬರಹ ಕೊಡುತ್ತಾರೆ. ಅಲ್ಲಿಗೆ ಕಡತ ಮುಕ್ತಾಯ. ಇದರಲ್ಲಿ ಯಾರೂ ಸುಳ್ಳು ಹೇಳಿರುವುದಿಲ್ಲ, ನೋಡಿ. ಕೆಲಸವೂ ಆಗಿರುವುದಿಲ್ಲ.

ಅದಕ್ಕೇ ಅರ್ಜಿಯ ಮೊದಲ ಸಾಲಿನಲ್ಲೇ ಹೆದ್ದಾರಿಯ ನಂಬರ್ ಮತ್ತು ಕಿಲೋಮೀಟರ್ ಬರೆಯಿರಿ. ಹೆದ್ದಾರಿ ಎಂಜಿನಿಯರುಗಳಿಗೆ ನಿಮ್ಮ ಊರು, ಶಾಲೆ, ದೇವಸ್ಥಾನ ಯಾವುದೂ ಗುರುತಲ್ಲ. ಅವರಿಗೆ ಬೇಕಾದದ್ದು ಚೈನೇಜ್, ಅಂದರೆ ಹೆದ್ದಾರಿಯಲ್ಲಿ ಆ ಜಾಗ ಎಷ್ಟನೇ ಕಿಲೋಮೀಟರ್‌ನಲ್ಲಿದೆ ಅನ್ನುವ ಲೆಕ್ಕ. ರಸ್ತೆ ಬದಿಯ ಕಿಲೋಮೀಟರ್ ಕಲ್ಲು ನೋಡಿ. ಎರಡು ಕಲ್ಲಿನ ನಡುವೆ 200 ಮೀಟರಿಗೊಂದು ಚಿಕ್ಕ ಕಲ್ಲೂ ಇರುತ್ತದೆ. ‘ಕಿ.ಮೀ. ಇಷ್ಟರಿಂದ ಇಷ್ಟರ ನಡುವೆ’ ಅಂತ ಬರೆದ ಅರ್ಜಿಯನ್ನು ಬೇರೆ ಇಲಾಖೆಗೆ ತಳ್ಳುವುದು ಕಷ್ಟ.

ಇನ್ನೊಂದು, ಅಪಘಾತದ ಲೆಕ್ಕ. ಸುಮಾರು 500 ಮೀಟರ್ ಉದ್ದದ ತುಂಡಿನಲ್ಲಿ ಕಳೆದ 3 ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯ ಆದ 5 ಅಪಘಾತ ನಡೆದಿದ್ದರೆ, ಅಥವಾ ಒಟ್ಟು 10 ಜನ ಸತ್ತಿದ್ದರೆ, ಕೇಂದ್ರ ಹೆದ್ದಾರಿ ಸಚಿವಾಲಯದ ವ್ಯಾಖ್ಯೆಯಲ್ಲಿ ಅದು ‘ಬ್ಲ್ಯಾಕ್ ಸ್ಪಾಟ್’. ಕೇಳುವುದಕ್ಕೇ ಸಂಕಟ, ಆದರೆ ಕಡತದಲ್ಲಿ ಓಡುವುದು ಈ ಲೆಕ್ಕವೇ. ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ನಂಬರುಗಳು ಸಿಗುತ್ತವೆ. ನಂಬರ್, ತಾರೀಕು ಅಷ್ಟೇ ಹಾಕಿ. ಸತ್ತವರ ಹೆಸರು, ಮನೆಯವರ ಕಥೆ ಬೇಡ. ಲೆಕ್ಕ ಅಷ್ಟು ಆಗದಿದ್ದರೂ ಬರೆಯಿರಿ. ಶಾಲೆ ಇದೆ, ಇಷ್ಟು ಮಕ್ಕಳು ದಿನಾ ದಾಟುತ್ತಾರೆ ಅನ್ನುವುದಕ್ಕೆ ಮುಖ್ಯ ಶಿಕ್ಷಕರ ಸಹಿ ಇರುವ ಒಂದು ಹಾಳೆ ಲಗತ್ತಿಸಿ.

ಈಗ ಮೈಕಿನ ವಿಷಯ. ‘ಸೇತುವೆ ಕಟ್ಟಿಸಿಕೊಡಿ’ ಅಂತ ಕೇಳಬೇಡಿ. ಕೇಳಿದರೆ ‘ಖಂಡಿತ ಪರಿಶೀಲಿಸುತ್ತೇವೆ’ ಅನ್ನುವ ಉತ್ತರ ಬರುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಅಂದಾಜು ಪಟ್ಟಿ, ಮಂಜೂರಾತಿ ಎಲ್ಲ ಇರುವುದರಿಂದ ಸೇತುವೆಯನ್ನು ವೇದಿಕೆ ಮೇಲಿಂದ ಕೊಡಲು ಯಾರಿಗೂ ಆಗುವುದಿಲ್ಲ. ಒಂದು ತಾರೀಕು ಕೊಡಲು ಆಗುತ್ತದೆ. ಹಾಗಾಗಿ ಹೀಗೆ ಕೇಳಿ: ‘ಈ ಹೆದ್ದಾರಿಯ ಯೋಜನಾ ನಿರ್ದೇಶಕರು ಸಭೆಗೆ ಬಂದಿದ್ದಾರಾ? ಈ ಜಾಗ ನೋಡಲು ಯಾವತ್ತು ಬರುತ್ತಾರೆ?’ ಸಚಿವರು ಹಿಂದೆ ತಿರುಗಿ ‘ಎಲ್ಲಿದ್ದಾರೆ?’ ಅನ್ನುತ್ತಾರೆ. ಅಧಿಕಾರಿ ಎದ್ದು ನಿಲ್ಲಲೇಬೇಕು. ನೂರಾರು ಜನರ ಎದುರು ಅವರ ಬಾಯಿಂದ ಬಂದ ತಾರೀಕಿಗೆ ಬೇರೆಯೇ ತೂಕ.

ಅವರು ಸಭೆಗೇ ಬರದಿದ್ದರೆ? ಸಾಮಾನ್ಯವಾಗಿ ಆಗುವುದು ಇದೇ. ಕೃಷಿ, ಆರೋಗ್ಯ, ಪಂಚಾಯಿತಿಯವರು ಸಾಲಾಗಿ ಕೂತಿರುತ್ತಾರೆ, ಹೆದ್ದಾರಿಯವರು ಮಾತ್ರ ಇರುವುದಿಲ್ಲ. ಸಚಿವರ ಪ್ರವಾಸ ಕಾರ್ಯಕ್ರಮ ಜಿಲ್ಲಾಧಿಕಾರಿ ಕಚೇರಿಗೆ ಮೊದಲೇ ಬಂದಿರುತ್ತದೆ. ಇವತ್ತೇ ಅಲ್ಲಿಗೂ ಸಂಸದರ ಕಚೇರಿಗೂ ಒಂದು ಪತ್ರ ಕೊಟ್ಟು, ‘ಹೆದ್ದಾರಿ ಅಧಿಕಾರಿಗಳನ್ನು ಸಭೆಗೆ ಕರೆಸಬೇಕು’ ಅಂತ ಕೇಳಿ. ಪ್ರತಿಯ ಮೇಲೆ ಸೀಲು, ಸ್ವೀಕೃತಿ ಪಡೆಯಿರಿ. ನಿಮ್ಮ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಮಕ್ಕಳ ವಿಷಯದಲ್ಲಿ ನಿಮ್ಮ ಅನಿಸಿಕೆಯೇ ಸರಿ. ಸಚಿವರ ಕಾರು ಯಾವಾಗ ಬರುತ್ತದೋ ಯಾರಿಗೂ ಗೊತ್ತಿರುವುದಿಲ್ಲ, ಅಲ್ಲಿಯವರೆಗೆ ಪಾಪ ಅವರು ಸುಮ್ನೆ ಕೂತಿರಬೇಕು. ಮಕ್ಕಳು ರಸ್ತೆ ದಾಟುವಾಗ ಮುಖ ಕಾಣದ ಹಾಗೆ ಹಿಂದಿನಿಂದ ತೆಗೆದ ಒಂದು ಫೋಟೋ ಸಾಕು.

ಹಳೇ ಸೈಕಲ್ ಬರೆದದ್ದು:

ಸಭೆ, ಗಿಭೆ ಎಲ್ಲ ಪ್ರಚಾರಕ್ಕೆ. ಮನೆಯಲ್ಲೇ ಕೂತು ಕೇಂದ್ರ ಸರ್ಕಾರದ ಕುಂದುಕೊರತೆಗಳ ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲಿ ದೂರು ಹಾಕಿ. ಕೇಂದ್ರದ ಇಲಾಖೆಗಳು 21 ದಿನದೊಳಗೆ ಇತ್ಯರ್ಥ ಮಾಡಬೇಕು ಅಂತ 2024ರಲ್ಲಿ ನಿಯಮ ಬಂದಿದೆ. ಮೊದಲು 30 ದಿನ ಇತ್ತು. ಇಲ್ಲದಿದ್ದರೆ ಸಂಸದರ ನಿಧಿಯಿಂದಲೇ ಸೇತುವೆ ಕೇಳಿ. ವರ್ಷಕ್ಕೆ 5 ಕೋಟಿ ಬರುತ್ತದಲ್ಲ, ಏನು ಮಾಡ್ತಾರೆ ಅದನ್ನ?

ಟಪಾಲು ಮೇಜು ಬರೆದದ್ದು:

ಪೋರ್ಟಲ್ ಬೇಡ ಅಂತ ನಾನು ಹೇಳಲ್ಲ. ಹಾಕಿ, ನೋಂದಣಿ ಸಂಖ್ಯೆ ಅರ್ಜಿಯಲ್ಲೂ ಬರೆಯಿರಿ. ಆದರೆ ಇತ್ಯರ್ಥ ಅಂದರೆ ಸೇತುವೆ ಅಂತ ಅಲ್ಲವಲ್ಲ. ‘ಪ್ರಸ್ತಾವನೆ ಇಲ್ಲ’ ಅಂತ ಒಂದು ಸಾಲು ಬರೆದರೂ ದೂರು ಮುಚ್ಚುತ್ತದೆ. ಮೇಲ್ಮನವಿಗೆ ಅಲ್ಲೇ ಅವಕಾಶ ಇದೆ, ಬಿಡಬೇಡಿ.

ಸಂಸದರ ನಿಧಿಯ ಬಗ್ಗೆ ಜನರಿಗೆ ತುಂಬಾ ತಪ್ಪು ಕಲ್ಪನೆ ಇದೆ. ಆ 5 ಕೋಟಿ ಇಡೀ ಕ್ಷೇತ್ರಕ್ಕೆ. ನಮ್ಮ ರಾಜ್ಯದಲ್ಲಿ ಒಂದು ಲೋಕಸಭಾ ಕ್ಷೇತ್ರ ಅಂದರೆ 8 ವಿಧಾನಸಭಾ ಕ್ಷೇತ್ರ, ಭಾಗ ಮಾಡಿ ನೋಡಿ. ಅದೂ ಸಂಸದರ ಜೇಬಿನ ದುಡ್ಡಲ್ಲ. ಅವರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ಸಮುದಾಯ ಭವನ, ಬಸ್ ತಂಗುದಾಣದಂಥ ಕೆಲಸಕ್ಕೆ ಅದು ಸರಿ. ಹೆದ್ದಾರಿ ಮೇಲಿನ ಸೇತುವೆಯನ್ನು ಹೆದ್ದಾರಿಯವರಿಂದಲೇ ಕಟ್ಟಿಸುವುದು ನ್ಯಾಯ.

ಶೂನ್ಯವೇಳೆ ಬರೆದದ್ದು:

ಅಕ್ಕಾ, ನಾನು ಕಾನೂನು ವಿದ್ಯಾರ್ಥಿನಿ. ಟಪಾಲು ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸಂಸದರಿಗೆ ಪ್ರತ್ಯೇಕವಾಗಿ ಒಂದು ಪತ್ರ ಕೊಡಿ: ‘ಇದನ್ನು ಲೋಕಸಭೆಯಲ್ಲಿ ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿ ಕೇಳಿ.’ ಅದಕ್ಕೆ ಸಚಿವಾಲಯ ಲಿಖಿತ ಉತ್ತರ ಕೊಡಬೇಕು. ಉತ್ತರ ಲೋಕಸಭೆಯ ಜಾಲತಾಣದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಪ್ರಶ್ನೆಗೆ ಸಾಮಾನ್ಯವಾಗಿ 15 ದಿನದ ಮುಂಚೆ ನೋಟಿಸ್ ಬೇಕು, ಹಾಗಾಗಿ ಅಧಿವೇಶನ ಯಾವಾಗ ಅಂತ ನೋಡಿಕೊಳ್ಳಿ. ಪ್ರಶ್ನೆಯನ್ನು ನೀವೇ ನಾಲ್ಕು ಸಾಲಿನಲ್ಲಿ ಬರೆದು ಕೊಟ್ಟರೆ ಅವರ ಕಚೇರಿಯವರಿಗೂ ಸುಲಭ.

ಸಚಿವರಾದವರು ಸದನದಲ್ಲಿ ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಕೆಲವು ಊರಿನವರ ಸಂಸದರೇ ಸಚಿವರಾಗಿರುತ್ತಾರೆ. ಅಂಥವರು ರಾಜ್ಯಸಭಾ ಸದಸ್ಯರನ್ನು ಹಿಡಿಯಬೇಕು. ಕರ್ನಾಟಕದಿಂದ 12 ಜನ ಇದ್ದಾರೆ.

ಇನ್ನೊಂದು: ಸಭೆಯ ಮೊದಲು ಯಾವುದಾದರೂ ಚುನಾವಣೆ ಘೋಷಣೆ ಆದರೆ ನೀತಿಸಂಹಿತೆ ಬರುತ್ತದೆ. ಆಗ ಸಭೆಯೇ ಮುಂದಕ್ಕೆ ಹೋಗಬಹುದು. ನಿಮ್ಮ ಪತ್ರಗಳನ್ನು ಮಾತ್ರ ನಿಲ್ಲಿಸಬೇಡಿ.

ಎಸ್‌ಡಿಎಂಸಿ ಅಮ್ಮ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಪತ್ರ ಎರಡೂ ಕಡೆ ಕೊಟ್ಟು ಸೀಲು ಹಾಕಿಸಿಕೊಂಡು ಬಂದೆ. ಸಂಸದರ ಕಚೇರಿಯ ಹುಡುಗ ‘ಚೈನೇಜ್ ಹಾಕಿದ್ದೀರಲ್ಲ ಮೇಡಂ, ಎಂಜಿನಿಯರಾ?’ ಅಂತ ಕೇಳಿದ! ಟಪಾಲು ಸರ್, ಒಂದು ಅನುಮಾನ. ಅಧಿಕಾರಿ ತಾರೀಕು ಹೇಳಿದರು ಅಂತಲೇ ಇಟ್ಟುಕೊಳ್ಳಿ. ಅದನ್ನು ಬರೆದುಕೊಳ್ಳುವವರು ಯಾರು? ಆಮೇಲೆ ‘ನಾನು ಹೇಳೇ ಇಲ್ಲ’ ಅಂದರೆ?

ಟಪಾಲು ಮೇಜು ಬರೆದದ್ದು:

ಒಳ್ಳೇ ಪ್ರಶ್ನೆ. ನಿಮ್ಮಲ್ಲಿ ಒಬ್ಬರು ಮಾತಾಡಲಿ, ಇನ್ನೊಬ್ಬರು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಲಿ. ಮಾರನೇ ದಿನವೇ ಆ ಅಧಿಕಾರಿಯ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪತ್ರ ಹಾಕಿ: ‘ನಿನ್ನೆಯ ಸಭೆಯಲ್ಲಿ ತಾವು ಇಂಥ ದಿನ ಸ್ಥಳ ಪರಿಶೀಲನೆಗೆ ಬರುವುದಾಗಿ ತಿಳಿಸಿದ್ದೀರಿ, ಶಾಲೆಯ ಪರವಾಗಿ ನಾವು ಹಾಜರಿರುತ್ತೇವೆ.’ ಜಿಲ್ಲಾಧಿಕಾರಿಗೆ ಒಂದು ಪ್ರತಿ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಅವರೇ ಅಧ್ಯಕ್ಷರು, ಆದ್ದರಿಂದ ಮುಂದಿನ ಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸಲು ಅದೇ ಪತ್ರದಲ್ಲಿ ಕೇಳಿಬಿಡಿ.

ಬರುವುದಿಲ್ಲ ಅಂತಾದರೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ: ‘ಈ ಚೈನೇಜ್‌ಗೆ ಸಂಬಂಧಿಸಿದ ಸ್ಥಳ ಪರಿಶೀಲನಾ ವರದಿಯ ಪ್ರತಿ ಕೊಡಿ.’ 30 ದಿನದಲ್ಲಿ ಉತ್ತರ ಕೊಡಬೇಕು. ವರದಿ ಇಲ್ಲ ಅಂತ ಬರೆದುಕೊಟ್ಟರೆ ಅದೂ ನಿಮ್ಮ ಕೈಯಲ್ಲಿರುವ ಕಾಗದವೇ.

ಸೇತುವೆ ಬರುವವರೆಗೆ ವೇಗ ತಗ್ಗಿಸುವ ಪಟ್ಟಿ, ಶಾಲೆ ಇದೆ ಅನ್ನುವ ಫಲಕ, ದೀಪ ಇಷ್ಟನ್ನು ಬೇರೆಯದೇ ಅರ್ಜಿಯಲ್ಲಿ ಕೇಳಿ. ದೊಡ್ಡದರ ಜೊತೆ ಸೇರಿಸಿದರೆ ಚಿಕ್ಕದೂ ಅದರ ಜೊತೆಗೇ ಕೂತುಬಿಡುತ್ತದೆ. ಇರುವ ದೀಪ ಕೆಟ್ಟಿದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಇವತ್ತೇ ಫೋನ್ ಮಾಡಿ, ಅದಕ್ಕೆ ಸಚಿವರು ಬರಬೇಕಿಲ್ಲ.