ಬೋರ್ಡ್‌ನಲ್ಲಿ ಕೂರಬೇಕಾದರೆ ವರ್ಷಕ್ಕೆ 1,000 ಡಾಲರ್ ಕೊಡಲೇಬೇಕಾ? ನಮ್ಮ ಸಂಘದ ಹುಡುಗರನ್ನು ಉಳಿಸಿಕೊಳ್ಳಲು ಸಲಹೆ ಬೇಕು

ಮಾವಿನಮಿಡಿ:

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನಿರುವುದು ಸದರ್ನ್ ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿನ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ಎಂಎಸ್ ಓದಿದೆ, ಆರು ವರ್ಷದಿಂದ ಅದರ ಹಳೆಯ ವಿದ್ಯಾರ್ಥಿಗಳ ಸಂಘದ ಸ್ಥಳೀಯ ಬೋರ್ಡ್‌ನಲ್ಲಿದ್ದೇನೆ. ಹನ್ನೊಂದು ಜನ ಇದ್ದೇವೆ, ಯಾರಿಗೂ ಸಂಬಳ ಇಲ್ಲ. 2023ರಲ್ಲಿ ಹಳಬರು ಕೆಲವರು ಬಿಟ್ಟು ಹೋದಾಗ ಅಧ್ಯಕ್ಷೆ, ಖಜಾಂಚಿ, ಕಾರ್ಯದರ್ಶಿ ಮೂರೂ ಜಾಗಕ್ಕೆ ಬಂದವರು ಮೂವತ್ತರ ಒಳಗಿನ ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಹುಡುಗ ಹುಡುಗಿಯರು. ಅಧ್ಯಕ್ಷೆ ನಗರಸಭೆಯಲ್ಲಿ ಕೆಲಸ ಮಾಡುತ್ತಾಳೆ, ಖಜಾಂಚಿ ಬ್ಯಾಂಕಿನಲ್ಲಿ, ಕಾರ್ಯದರ್ಶಿ ಹೈಸ್ಕೂಲ್ ಟೀಚರ್. ಮೂವರೂ ತಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಅಧ್ಯಕ್ಷೆಯ ಅಪ್ಪ ಅಮ್ಮ ಆಕ್ಸ್‌ನಾರ್ಡ್ ಕಡೆ ಸ್ಟ್ರಾಬೆರಿ ಹೊಲದಲ್ಲಿ ದುಡಿದವರು, ಖಜಾಂಚಿಯ ಅಪ್ಪನಿಗೆ ಇವತ್ತಿಗೂ ವೇರ್‌ಹೌಸ್‌ನಲ್ಲಿ ರಾತ್ರಿ ಪಾಳಿ.

ಮುಂಚೆ ನಮ್ಮ ಬೋರ್ಡ್ ಅಂದರೆ ವರ್ಷಕ್ಕೊಂದು ಡಿನ್ನರ್, ಒಂದು ಗಾಲ್ಫ್ ದಿನ, ಮುಗೀತು. ಈ ಮಕ್ಕಳು ಏನು ಮಾಡಿದರು ಅನ್ನುವುದಕ್ಕೆ ಒಂದೇ ಉದಾಹರಣೆ ಹೇಳುತ್ತೇನೆ. ಫಾಫ್ಸಾ ಅಂದರೆ ಕಾಲೇಜು ಖರ್ಚಿಗೆ ಸರ್ಕಾರದ ನೆರವು ಕೇಳುವ ಅರ್ಜಿ, ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯುತ್ತದೆ. 2023ರಲ್ಲಿ ಹೊಸ ಫಾರಂ ತಂದರು, ಅದು ಡಿಸೆಂಬರ್ ಕೊನೆಗೆ ತೆರೆಯಿತು, ಅದರಲ್ಲೂ ಅಪ್ಪ ಅಮ್ಮನಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ (ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇಲ್ಲದಿದ್ದರೆ ಅರ್ಜಿ ಮುಂದಕ್ಕೇ ಹೋಗುತ್ತಿರಲಿಲ್ಲ. ಮಕ್ಕಳು ಇಲ್ಲೇ ಹುಟ್ಟಿದ ಸಿಟಿಜನ್‌ಗಳು, ಆದರೂ ಅಷ್ಟೇ. ಕೊನೆಗೆ ಕ್ಯಾಲಿಫೋರ್ನಿಯಾ ತನ್ನ ಮಾರ್ಚ್ 2ರ ಗಡುವನ್ನು ಮೇ 2ಕ್ಕೆ ತಳ್ಳಬೇಕಾಯಿತು. ಆ ತಿಂಗಳುಗಳಲ್ಲಿ ನಮ್ಮ ಈ ಮೂವರು ಶನಿವಾರ ಬಂದರೆ ಲೈಬ್ರರಿಯ ಒಂದು ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು, ಅಪ್ಪ ಅಮ್ಮಂದಿರ ಪಕ್ಕ ಕೂತು, ಸ್ಪ್ಯಾನಿಷ್‌ನಲ್ಲಿ ಒಂದೊಂದೇ ಸಾಲು ಓದಿ ಹೇಳಿ ಅರ್ಜಿ ತುಂಬಿಸಿದರು. ನಾನು ಒಂದು ಶನಿವಾರ ಕಾಫಿ ಕೊಡಲು ಹೋಗಿದ್ದೆ. ಒಬ್ಬ ಅಪ್ಪ ಕೆಲಸದ ಬೂಟಿನಲ್ಲೇ ಬಂದಿದ್ದರು, ಮಗಳ ಅರ್ಜಿ ಸಬ್‌ಮಿಟ್ ಆದಾಗ ಎದ್ದು ನಿಂತು ನಮ್ಮ ಖಜಾಂಚಿಯ ಕೈ ಹಿಡಿದುಕೊಂಡುಬಿಟ್ಟರು.

ಈಗ ಸಮಸ್ಯೆ. ನಮ್ಮ ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ, ಒಂದು ನಿಯಮ ಇದೆ, ಬೋರ್ಡ್ ಸದಸ್ಯರು ವರ್ಷಕ್ಕೆ 1,000 ಡಾಲರ್ ಕೊಡಬೇಕು, ಇಲ್ಲ ಅಂದರೆ ಬೇರೆಯವರಿಂದ ತಂದುಕೊಡಬೇಕು. ಈ ವರ್ಷದ ಮೊತ್ತವನ್ನು ಮೂವರೂ ಪೂರ್ತಿ ಕಟ್ಟಿಲ್ಲ. ಸಂಬಳದಲ್ಲಿ ಮನೆ ಬಾಡಿಗೆಗೆ, ತಮ್ಮ ತಂಗಿಯರ ಫೀಸಿಗೆ ಕೊಡುತ್ತಾರೆ, ತಮ್ಮದೇ ಸ್ಟೂಡೆಂಟ್ ಲೋನ್ ಇದೆ. ಹಿರಿಯ ಸದಸ್ಯರೊಬ್ಬರು ನಿಯಮ ಅಂದರೆ ನಿಯಮ, ಮುಂದಿನ ತಿಂಗಳ ಮೀಟಿಂಗ್‌ನಲ್ಲಿ ಅವರ ಅವಧಿ ಮುಂದುವರಿಸಬಾರದು ಅನ್ನುತ್ತಿದ್ದಾರೆ. ನನಗೆ ಹೊಟ್ಟೆ ಉರಿಯುತ್ತಿರುವುದು ಯಾಕೆ ಅಂದರೆ, ಐದು ವರ್ಷದ ಹಿಂದೆ ಈ ನಿಯಮಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಆಗ ತಪ್ಪು ಅನ್ನಿಸಿರಲಿಲ್ಲ.

ಇಂಥ ಬೋರ್ಡ್‌ಗಳಲ್ಲಿ ಇರುವವರು ಯಾರಾದರೂ ಇದ್ದೀರಾ? ಇದನ್ನು ಹೇಗೆ ಬದಲಾಯಿಸುವುದು?

ಹ್ಯೂಸ್ಟನ್‌ಕನ್ನಡಿಗ:

ಅಕ್ಕಾ, ನಿಮ್ಮ ಹಿರಿಯರಿಗೆ ಒಂದು ಮಾತು ಕೇಳಿ. ಈ ಮೂವರು ಹೋದರೆ ಆ ಜಾಗಕ್ಕೆ ಯಾರು ಬರುತ್ತಾರೆ?

2020ರ ಜನಗಣತಿಯಲ್ಲಿ ಅಮೆರಿಕದಲ್ಲಿ ಲ್ಯಾಟಿನೋಗಳು 6 ಕೋಟಿ 20 ಲಕ್ಷ. ನಿಮ್ಮ ಕ್ಯಾಲಿಫೋರ್ನಿಯಾದಲ್ಲಂತೂ ಅವರೇ ಎಲ್ಲರಿಗಿಂತ ದೊಡ್ಡ ಗುಂಪು, ನೂರಕ್ಕೆ 39ಕ್ಕೂ ಜಾಸ್ತಿ. ಕಾಲೇಜಿನಲ್ಲಿ ನಾಲ್ಕರಲ್ಲೊಬ್ಬ ವಿದ್ಯಾರ್ಥಿ ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದವರು) ಆಗಿದ್ದರೆ ಅದನ್ನು ಹಿಸ್ಪಾನಿಕ್ ಸರ್ವಿಂಗ್ ಇನ್‌ಸ್ಟಿಟ್ಯೂಷನ್ ಅಂತ ಸರ್ಕಾರ ಗುರುತಿಸುತ್ತದೆ, ನಿಮ್ಮ ಕಡೆಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹಳಷ್ಟು ಆ ಪಟ್ಟಿಯಲ್ಲಿವೆ. ಅಂದರೆ ಇನ್ನು ಹತ್ತು ವರ್ಷಕ್ಕೆ ಹಳೆಯ ವಿದ್ಯಾರ್ಥಿಗಳು ಅಂದರೆ ಇವರೇ. ಇವರನ್ನು ಈಗ ಹೊರಗೆ ಕಳಿಸಿದರೆ ಆಮೇಲೆ ಕರೆದರೂ ಬರುವುದಿಲ್ಲ.

ನಮ್ಮ ಟೆಕ್ಸಾಸ್‌ನಲ್ಲಿ ನೋಡಿದ್ದು ಹೇಳುತ್ತೇನೆ. 2023ರಲ್ಲಿ ಎಸ್‌ಬಿ 17 ಅಂತ ಕಾನೂನು ಬಂತು, 2024ರ ಜನವರಿ 1ರಿಂದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಡೈವರ್ಸಿಟಿ ಆಫೀಸುಗಳು, ಅಂದರೆ ಬೇರೆ ಬೇರೆ ಹಿನ್ನೆಲೆಯ ವಿದ್ಯಾರ್ಥಿಗಳಿಗೆ ನೆರವಾಗುವ ಕಚೇರಿಗಳು, ಮುಚ್ಚಿದವು. ವರ್ಷವರ್ಷ ಯೂನಿವರ್ಸಿಟಿಯೇ ಮಾಡುತ್ತಿದ್ದ ಕೆಲವು ಕಾರ್ಯಕ್ರಮಗಳಿಗೆ ದುಡ್ಡು ನಿಂತಿತು. ಆಗ ಕೈಯಿಂದ ದುಡ್ಡು ಹಾಕಿ ಜಾಗ ಹುಡುಕಿ ನಡೆಸಿದವರು ವಿದ್ಯಾರ್ಥಿಗಳು ಮತ್ತು ಹಳೆಯ ವಿದ್ಯಾರ್ಥಿಗಳು. 2025ರ ಸೆಪ್ಟೆಂಬರ್‌ನಲ್ಲಿ ಫೆಡರಲ್ ಸರ್ಕಾರವೂ ಹಿಸ್ಪಾನಿಕ್ ಮತ್ತು ಇತರ ಅಲ್ಪಸಂಖ್ಯಾತ ವಿದ್ಯಾರ್ಥಿಗಳು ಹೆಚ್ಚಿರುವ ಕಾಲೇಜುಗಳಿಗೆ ಮೀಸಲಿದ್ದ ಸುಮಾರು 35 ಕೋಟಿ ಡಾಲರ್ ಅನುದಾನ ನಿಲ್ಲಿಸಿತಲ್ಲ, ಇಂಥ ಹೊತ್ತಿನಲ್ಲಿ ಓಡಾಡುವ ಜನವನ್ನು ಕಳೆದುಕೊಳ್ಳುವುದಾ?

ಕರಾವಳಿಕೃಷ್ಣ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಶನಿವಾರ ಅರ್ಜಿ ತುಂಬಿಸುವುದು ಒಳ್ಳೆಯ ಕೆಲಸ, ಒಪ್ಪಿದೆ. ಆದರೆ ಸ್ಕಾಲರ್‌ಶಿಪ್‌ಗೆ ದುಡ್ಡೇ ಬೇಕು. ಒಂದು ಶಾಶ್ವತ ನಿಧಿ 25,000 ಡಾಲರ್‌ದು ಅಂದುಕೊಳ್ಳಿ, ಅದರಿಂದ ವರ್ಷಕ್ಕೆ ನೂರಕ್ಕೆ 4ರಂತೆ ತೆಗೆದರೆ ಒಬ್ಬ ಹುಡುಗನಿಗೆ ಸಿಗುವುದು 1,000. ಹನ್ನೊಂದು ಜನ ಸಾವಿರ ಸಾವಿರ ಕೊಟ್ಟರೆ 11,000 ಆಗುತ್ತದೆ. ನಿಯಮ ತೆಗೆದ ಮೇಲೆ ಕೊಡುವವರೂ ಕೊಡುವುದಿಲ್ಲ. ನಮ್ಮ ಕನ್ನಡ ಕೂಟದಲ್ಲಿ ಕಣ್ಣಾರೆ ನೋಡಿದ್ದೇನೆ, ಇಷ್ಟ ಬಂದಷ್ಟು ಕೊಡಿ ಅಂದ ವರ್ಷ ರಾಜ್ಯೋತ್ಸವದ ಹಾಲ್ ಬಾಡಿಗೆಗೇ ಪರದಾಡಿದೆವು.

ಲೆಕ್ಕದಮನೆ:

ನಾನು ಸಣ್ಣಪುಟ್ಟ ಸಂಘಗಳ ಲೆಕ್ಕ ನೋಡಿಕೊಳ್ಳುವವಳು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಇದು ತಿಳಿದಿರಲಿ, ಬೋರ್ಡ್ ಸದಸ್ಯರು ಇಷ್ಟು ದುಡ್ಡು ಕೊಡಬೇಕು ಅಂತ ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಎಲ್ಲೂ ಹೇಳುವುದಿಲ್ಲ. ಅದು ನೀವೇ ಮಾಡಿಕೊಂಡ ನಿಯಮ, ನೀವೇ ಬದಲಾಯಿಸಬಹುದು. ನಿಮ್ಮ ಬೈಲಾದಲ್ಲಿ ತಿದ್ದುಪಡಿ ಹೇಗೆ ಅಂತ ಬರೆದಿರುತ್ತದೆ, ಎಷ್ಟು ದಿನ ಮುಂಚೆ ನೋಟಿಸ್ ಕೊಡಬೇಕು, ಎಷ್ಟು ಮತ ಬೇಕು ಅಂತ. ಮೂರರಲ್ಲಿ ಎರಡು ಭಾಗ ಅಂತಿದ್ದರೆ ಹನ್ನೊಂದರಲ್ಲಿ ಎಂಟು ಮತ ಬೇಕು. ಇವತ್ತೇ ತೆಗೆದು ನೋಡಿ, ನೋಟಿಸ್ ದಿನ ಮೀರಿದರೆ ಆಮೇಲೆ ಏನೂ ಮಾಡಲು ಆಗುವುದಿಲ್ಲ.

ಎರಡನೆಯದು ಕೃಷ್ಣ ಅವರ ಮಾತಿಗೆ. ದುಡ್ಡು ಕೊಡುವ ಫೌಂಡೇಶನ್‌ಗಳು ಅನೇಕ ಸಲ ಕೇಳುವುದು ನಿಮ್ಮ ಬೋರ್ಡ್‌ನಲ್ಲಿ ಎಲ್ಲರೂ ಏನಾದರೂ ಕೊಡುತ್ತಾರಾ ಅಂತ. ತಲಾ ಎಷ್ಟು ಅಂತಲ್ಲ, ಎಲ್ಲರೂ ಕೊಡುತ್ತಾರಾ ಅಂತ. ಹನ್ನೊಂದರಲ್ಲಿ ಎಂಟು ಜನ ಸಾವಿರ ಕೊಟ್ಟು ಮೂವರ ಹೆಸರು ಖಾಲಿ ಇರುವುದಕ್ಕಿಂತ, ಹನ್ನೊಂದೂ ಜನ ಕೈಲಾದಷ್ಟು ಕೊಟ್ಟಿದ್ದೇವೆ ಅಂತ ಬರೆದರೆ ಅರ್ಜಿಗೆ ತೂಕ ಜಾಸ್ತಿ. ಹಾಗಾಗಿ ನಿಯಮವನ್ನು ಪೂರ್ತಿ ತೆಗೆಯಬೇಡಿ, ಮೊತ್ತವನ್ನು ಮಾತ್ರ ತೆಗೆಯಿರಿ.

ಇನ್ನೊಂದು ಕೇಳಲೇಬೇಕು. ಆ ಶನಿವಾರಗಳಿಗೆ ಕಾಫಿ, ತಿಂಡಿ, ಪ್ರಿಂಟ್‌ಔಟ್, ಪೆಟ್ರೋಲ್ ಇವಕ್ಕೆ ಯಾರು ದುಡ್ಡು ಹಾಕಿದರು? ಮಕ್ಕಳು ಹಾಕಿದ್ದರೆ ಅದನ್ನು ಲೆಕ್ಕಕ್ಕೆ ತನ್ನಿ. ದುಡಿದ ಗಂಟೆಗಳಿಗೆ ತೆರಿಗೆಯಲ್ಲಿ ವಿನಾಯಿತಿ ಇಲ್ಲ, ಆದರೆ ಸಂಘಕ್ಕಾಗಿ ಕೈಯಿಂದ ಹಾಕಿದ ಖರ್ಚನ್ನು ಕಾನೂನೂ ದಾನ ಅಂತಲೇ ನೋಡುತ್ತದೆ, ಕಾರು ಓಡಿಸಿದ್ದಕ್ಕೂ ಮೈಲಿಗೆ 14 ಸೆಂಟ್ ಲೆಕ್ಕ ಇದೆ. ತೆರಿಗೆ ಕಾನೂನೇ ದಾನ ಅಂದದ್ದನ್ನು ನಿಮ್ಮ ಬೋರ್ಡ್ ಯಾಕೆ ಅಲ್ಲ ಅನ್ನಬೇಕು?

ಹಾಂ, ನಿಮ್ಮ ಚಾಪ್ಟರ್ (ಸ್ಥಳೀಯ ಶಾಖೆ) ಬೇರೆಯೇ ನೋಂದಣಿ ಆಗಿದ್ದರೆ ಐಆರ್‌ಎಸ್‌ಗೆ ವರ್ಷವರ್ಷದ ಫಾರಂ ಯಾರು ಹಾಕುತ್ತಿದ್ದಾರೆ ನೋಡಿ. ಆದಾಯ ಸಾಮಾನ್ಯವಾಗಿ 50,000 ಡಾಲರ್ ಒಳಗಿದ್ದರೆ ಚಿಕ್ಕ ಫಾರಂ 990-ಎನ್ ಸಾಕು, ಆದರೆ ಮೂರು ವರ್ಷ ಸತತವಾಗಿ ಹಾಕದಿದ್ದರೆ ತೆರಿಗೆ ವಿನಾಯಿತಿಯ ಮಾನ್ಯತೆ ತಾನಾಗಿಯೇ ಹೋಗುತ್ತದೆ. ಬಹಳ ಕಡೆ ಈ ಕೆಲಸವನ್ನು ಸದ್ದಿಲ್ಲದೆ ಮಾಡುವವರು ಇಂಥ ಖಜಾಂಚಿಗಳೇ.

ಮಾವಿನಮಿಡಿ:

ಲೆಕ್ಕದಮನೆ, ನಿಮ್ಮ ಪ್ರಶ್ನೆ ನನಗೆ ನಾಟಿತು. ನಿನ್ನೆ ರಾತ್ರಿ ಅಧ್ಯಕ್ಷೆಗೆ ಫೋನ್ ಮಾಡಿ ಕೇಳಿದೆ. ಮೊದಲು ಹೇಳಲು ಒಪ್ಪಲಿಲ್ಲ, ಆಮೇಲೆ ರಸೀದಿಗಳ ಫೋಟೊ ಕಳಿಸಿದಳು. ಪಾನ್ ದುಲ್ಸೆ ಅಂತ ಅವರ ಸಿಹಿ ಬ್ರೆಡ್, ಕಾಫಿ, ಪ್ರಿಂಟರ್ ಇಂಕ್, ಮಕ್ಕಳನ್ನು ಕ್ಯಾಂಪಸ್ ತೋರಿಸಲು ಕರೆದುಕೊಂಡು ಹೋದ ವ್ಯಾನ್ ಬಾಡಿಗೆ. ಮೂವರದ್ದೂ ಸೇರಿಸಿದರೆ ಈ ವರ್ಷ 1,900 ಡಾಲರ್ ದಾಟುತ್ತದೆ. ಯಾಕೆ ಕೇಳಲಿಲ್ಲ ಅಂದರೆ, ಒಂದು ಸಲ ಬಿಲ್ ಕೊಟ್ಟಾಗ ದುಡ್ಡು ವಾಪಸ್ ಬರಲು ನಾಲ್ಕು ತಿಂಗಳು ಆಯಿತಂತೆ, ಹೀಗಾಗಿ ಬಿಟ್ಟುಬಿಟ್ಟರು. ನಾವೆಲ್ಲ ಅದೇ ಬೋರ್ಡ್‌ನಲ್ಲಿ ಕೂತಿದ್ದೆವು, ಒಬ್ಬರೂ ಕೇಳಲಿಲ್ಲ.

ಕೃಷ್ಣ ಅವರೇ, ನೀವು ಹೇಳಿದ್ದು ಸುಳ್ಳಲ್ಲ, ದುಡ್ಡು ಬೇಕು. ಆದರೆ ಅವರ ಮನೆಗಳಲ್ಲಿ ಕೊಡುವ ರೀತಿ ಬೇರೆ ಇದೆ, ಅದನ್ನು ನಾನು ತಡವಾಗಿ ತಿಳಿದುಕೊಂಡೆ. ಖಜಾಂಚಿಯ ಅಮ್ಮ ತಾಂಡಾ ನಡೆಸುತ್ತಾರೆ, ಥೇಟ್ ನಮ್ಮ ಚೀಟಿ, ವಾರವಾರ ಎಲ್ಲರೂ ಇಷ್ಟಿಷ್ಟು ಹಾಕುತ್ತಾರೆ, ಸರದಿ ಬಂದವರು ಒಟ್ಟು ಮೊತ್ತ ತೆಗೆದುಕೊಳ್ಳುತ್ತಾರೆ. ಯಾರಿಗಾದರೂ ಕಷ್ಟ ಬಂದರೆ ಕೋಪೆರಾಚಾ, ಅಂದರೆ ಇದ್ದವರೆಲ್ಲ ಸೇರಿ ಕೈಲಾದಷ್ಟು ಹಾಕುವುದು. ಹುಡುಗಿಗೆ ಹದಿನೈದು ತುಂಬಿದಾಗ ದೊಡ್ಡದಾಗಿ ಮಾಡುತ್ತಾರಲ್ಲ, ಕೀನ್ಸೆಯಾನ್ಯೇರಾ, ಅದಕ್ಕೆ ಒಬ್ಬರು ಕೇಕ್‌ಗೆ ಪದ್ರೀನೋ (ಆ ಖರ್ಚು ಹೊರುವವರು), ಒಬ್ಬರು ಬಟ್ಟೆಗೆ, ಒಬ್ಬರು ಹಾಲ್‌ಗೆ. ನಮ್ಮ ಊರ ಜಾತ್ರೆಗೆ ಒಬ್ಬರು ಅಕ್ಕಿ, ಒಬ್ಬರು ಬೆಲ್ಲ, ಒಬ್ಬರು ಎಣ್ಣೆ ಕೊಡುವುದಿಲ್ಲವಾ, ಹಾಗೆ.

ಈ ವರ್ಷದ ಸ್ಕಾಲರ್‌ಶಿಪ್ ಊಟಕ್ಕೆ ಇವರು ಇದನ್ನೇ ಮಾಡಿದರು. ಪುಸ್ತಕದ ಖರ್ಚಿಗೆ ಇಷ್ಟು ಜನ ಪದ್ರೀನೋ ಬೇಕು, ಬಸ್ ಪಾಸಿಗೆ ಇಷ್ಟು ಅಂತ ಬರೆದು ಕಳಿಸಿದರು. ನಮ್ಮ ಸಂಘಕ್ಕೆ ಯಾವತ್ತೂ ಒಂದು ಡಾಲರ್ ಕೊಡದವರು, ಇಪ್ಪತ್ತು, ಮೂವತ್ತು ಡಾಲರ್ ಕೊಟ್ಟರು. ಆ ದುಡ್ಡು ಸಂಘದ ಹೆಸರಿಗೆ ಬಂತು, ತಂದವರ ಹೆಸರಿಗೆ ಬರೆದುಕೊಳ್ಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ನಿಯಮದಲ್ಲಿ ತಂದುಕೊಟ್ಟರೂ ಆಗುತ್ತದೆ ಅಂತಲೇ ಇದೆ ಅಲ್ವಾ!

ಕರಾವಳಿಕೃಷ್ಣ:

ಇದು ನನಗೆ ಗೊತ್ತಿರಲಿಲ್ಲ. ಹಾಗಿದ್ದರೆ ಅವರು ನಿಯಮ ಮುರಿದೇ ಇಲ್ಲ, ನೀವು ಲೆಕ್ಕ ಬರೆದಿಲ್ಲ ಅಷ್ಟೇ. ಮೀಟಿಂಗ್‌ನಲ್ಲಿ ಮೊದಲು ಅದನ್ನೇ ಮುಂದಿಡಿ, ತಿದ್ದುಪಡಿ ಆಮೇಲೆ. ಹಿರಿಯರ ಹತ್ತಿರ ಮುಂಚೆ ಒಬ್ಬರೇ ಹೋಗಿ ಮಾತಾಡಿ, ಎಲ್ಲರ ಎದುರು ರಸೀದಿ ಹರಡಬೇಡಿ. ಅವರೂ ಎಷ್ಟೋ ವರ್ಷ ದುಡಿದಿರುತ್ತಾರೆ.

ಹ್ಯೂಸ್ಟನ್‌ಕನ್ನಡಿಗ:

ಅದು ಸರಿಯಾದ ಮಾತು. ಅಕ್ಕಾ, ಮತ್ತೆ ಒಂದು, ಆ ಮೂವರನ್ನು ಕೇಳದೆ ಅವರ ಪರವಾಗಿ ನೀವೇ ಎಲ್ಲ ಮಾತಾಡಿಬಿಡಬೇಡಿ. ಅಧ್ಯಕ್ಷೆ ಅವಳು.

ಮಾವಿನಮಿಡಿ:

ಹೌದು, ಅದನ್ನೇ ಮಾಡಿದೆ. ಇವತ್ತು ಸಂಜೆ ನಾಲ್ವರೂ ಜೂಮ್‌ನಲ್ಲಿ ಕೂತೆವು. ಬೈಲಾದಲ್ಲಿ 21 ದಿನದ ನೋಟಿಸ್, ಮೂರರಲ್ಲಿ ಎರಡು ಭಾಗ ಮತ ಅಂತಿದೆ, ಮೀಟಿಂಗ್‌ಗೆ ಇನ್ನೂ 26 ದಿನ ಇದೆ. ತಿದ್ದುಪಡಿಯ ಮಾತನ್ನು ಕಾರ್ಯದರ್ಶಿಯೇ ಬರೆದಳು: ಪ್ರತಿ ಸದಸ್ಯರೂ ವರ್ಷಕ್ಕೊಮ್ಮೆ ತಮ್ಮ ಶಕ್ತಿಗೆ ತಕ್ಕಷ್ಟು ಕೊಡಬೇಕು, ಕೈಯಿಂದ ಹಾಕಿದ ಖರ್ಚು ಮತ್ತು ತಂದುಕೊಟ್ಟ ದೇಣಿಗೆ ಅವರ ಹೆಸರಿಗೆ ಸೇರಬೇಕು, ಬಿಲ್ ಕೊಟ್ಟ 15 ದಿನದಲ್ಲಿ ದುಡ್ಡು ವಾಪಸ್ ಆಗಬೇಕು. ಕೊನೆಯದನ್ನು ಸೇರಿಸಿದ್ದು ಖಜಾಂಚಿ. ಹಿರಿಯರನ್ನು ಭಾನುವಾರ ಮನೆಗೆ ಕರೆದಿದ್ದೇನೆ, ಅಧ್ಯಕ್ಷೆಯೂ ಬರುತ್ತಾಳೆ. ಐದು ಮತ ಪಕ್ಕಾ ಇದೆ, ಇನ್ನು ಮೂರು ಬೇಕು. ಮೀಟಿಂಗ್ ಆದ ಮೇಲೆ ಬಂದು ಬರೆಯುತ್ತೇನೆ.