ಮರು: ಟ್ರ್ಯಾಕ್ಟರಿನ ಸ್ಟಾರ್ಟರ್ ಮಂದವಾಗಿ ತಿರುಗಿದರೆ ಏನನ್ನಬೇಕು? (ಇಂದೇ ಬೇಕು)

> ಕಲಬುರಗಿಯ ಒಂದು ಬಿಡಿಭಾಗದ ಅಂಗಡಿಯ ಬೋರ್ಡಿಗೆ. ಹಳೆ ಟ್ರ್ಯಾಕ್ಟರುಗಳ ಸ್ಟಾರ್ಟರ್ ಮಂದವಾಗಿ ತಿರುಗುವ ದೋಷಕ್ಕೆ ‘ನಿಧಾನ ಪ್ರಾರಂಭ’ ಎಂದು ಬರೆದಿದ್ದೇನೆ. ಸಂಜೆ ಫ್ಲೆಕ್ಸ್ ಪ್ರಿಂಟಿಗೆ ಹೋಗುತ್ತದೆ. ಸರಿಯೇ?

ಸರಿಯಲ್ಲ. ‘ನಿಧಾನ ಪ್ರಾರಂಭ’ ಬೇರೆಯದೇ ರೋಗ. ಸೆಲ್ಫ್ (ಸ್ಟಾರ್ಟರ್ ಮೋಟಾರು) ಎಂಜಿನ್ನನ್ನು ಗರಗರ ತಿರುಗಿಸಿಯೂ ಅದು ಚಾಲೂ ಆಗದೆ ಸತಾಯಿಸಿದರೆ ಅದು ನಿಧಾನ ಪ್ರಾರಂಭ. ಆಗ ಡೀಸೆಲ್ ಲೈನಿನಲ್ಲಿ ಗಾಳಿ ಹಿಡಿದಿದೆಯೇ, ಡೀಸೆಲ್ ಚಿಮ್ಮಿಸುವ ನಾಜಲ್ ಕೆಟ್ಟಿದೆಯೇ ನೋಡಬೇಕು. ನೀವು ಕೇಳುತ್ತಿರುವುದು ಸೆಲ್ಫೇ ಎಂಜಿನ್ನನ್ನು ಎತ್ತಲಾರದೆ ಒದ್ದಾಡುವುದನ್ನು. ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿ ಒತ್ತಡಕ್ಕೆ ಕಾದು ಡೀಸೆಲ್ಲಿಗೆ ಬೆಂಕಿ ಹತ್ತಬೇಕು. ತಿರುಗುವ ವೇಗ ಕುಂದಿದರೆ ಗಾಳಿ ಕಾಯುವುದಿಲ್ಲ, ಎಂಜಿನ್ ಏಳುವುದಿಲ್ಲ. ಕೊನೆಗೆ ಎರಡರಲ್ಲೂ ಗಾಡಿ ನಿಂತೇ ಇರುತ್ತದೆ, ನಿಜ. ಆದರೆ ಎರಡಕ್ಕೂ ಒಂದೇ ಹೆಸರಿಟ್ಟರೆ ಬೋರ್ಡು ಓದಿದ ರೈತ ಬ್ಯಾಟರಿಯ ತಂತಿ ನೋಡುವುದು ಬಿಟ್ಟು ಡೀಸೆಲ್ ಪಂಪು ಬಿಚ್ಚಿಸುತ್ತಾನೆ.

ನಮ್ಮ ಭಾಲ್ಕಿ ಕಡೆಯ ಮಿಸ್ತ್ರಿಗಳು ಈ ರೋಗಗಳನ್ನು ಬೇರೆ ಬೇರೆ ಮಾಡಿಯೇ ಮಾತಾಡುತ್ತಾರೆ. ‘ಬರೇ ಕಟ್ ಅಂತದ, ತಿರಗಲ್ಲ’ ಒಂದು. ‘ಗರ್ ಅಂತ ತಿರಗತದ, ಹಿಡಿಯಲ್ಲ’ ಇನ್ನೊಂದು. ಸೆಲ್ಫ್ ಒಂದೇ ತಿರುಗುತ್ತಿದೆ, ಅದರ ಹಲ್ಲು ಎಂಜಿನ್ನಿನ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ಕೂತಿಲ್ಲ ಎಂದರ್ಥ. ‘ಎಳಿತದ ಖರೆ, ತಾಕತ್ ಇಲ್ಲ, ತಿಣಕ್ತದ’ ಎಂದರೆ ನಿಮ್ಮದು. ತಿಣುಕು. ನಿಮಗೆ ಬೇಕಾದ ಪದ ಇದೇ. ಭಾರ ಹೊತ್ತು ತಿಣುಕುವುದನ್ನು ಭೂಮಿ ಹೊತ್ತ ಫಣಿರಾಯನ (ಆದಿಶೇಷನ) ಕಾಲದಿಂದ ಕನ್ನಡ ಬಲ್ಲದು, ಕುಮಾರವ್ಯಾಸ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ.

> ‘ಸೆಲ್ಫ್’ ಎಂದರೆ ‘ತಾನು’. ಸ್ಟಾರ್ಟರಿಗೆ ಹಾಗೆನ್ನುವುದು ಅಪಭ್ರಂಶ. ‘ಆರಂಭಕ’ ಬಳಸಿ.

ಒಪ್ಪುವುದಿಲ್ಲ. ಮೊದಲು ಎಂಜಿನ್ನಿಗೆ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸುತ್ತಿದ್ದರು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಕರೆಂಟಿನ ಮೋಟಾರು ಬಂತು. ಹ್ಯಾಂಡಲ್ ಹೊಡೆಯುವುದಕ್ಕಿಂತ ಬೇರೆ ಎಂದು ತೋರಿಸಲು ಹುಟ್ಟಿದ ಹೆಸರು ಸೆಲ್ಫ್ ಸ್ಟಾರ್ಟರ್. ನಮ್ಮ ಜನ ಬಾಲ ಬಿಟ್ಟು ತಲೆ ಉಳಿಸಿಕೊಂಡರು, ಮೊಬೈಲ್ ಫೋನಿನಲ್ಲಿ ಮೊಬೈಲ್ ಉಳಿದ ಹಾಗೆ. ಇದರಲ್ಲಿ ಅಪಭ್ರಂಶವೇನು ಬಂತು? ‘ಆರಂಭಕ’ದ ತೊಂದರೆ ಇನ್ನೂ ದೊಡ್ಡದು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಆರಂಬ ಎಂದರೆ ಬೇಸಾಯ, ಆರಂಬಗಾರ ಎಂದರೆ ರೈತ. ಹೊಲ ಉಳುವ ಯಂತ್ರದ ಮೇಲೆ ‘ಆರಂಭಕ ಮೋಟಾರು’ ಎಂದು ಬರೆದರೆ ಯಾವ ಮೋಟಾರು ಎಂದು ತಿಳಿಯಬೇಕು?

> ಅಚ್ಚಗನ್ನಡದಲ್ಲಿ ‘ತೊಡಗಿಸುಕ’ ಆಗಬಹುದು.

ಬೇಡ.

ಎರವಲಿನ ಮಾತು ಎತ್ತಿದ್ದೀರಿ, ಹೇಳಿಯೇಬಿಡುತ್ತೇನೆ. ಮಿಸ್ತ್ರಿ, ಚಾವಿ ಎರಡೂ ಪೋರ್ಚುಗೀಸರಿಂದ ಬಂದವು. ರೈತ ಅರಬ್ಬಿಯಿಂದ ಬಂದ. ಇವನ್ನು ತೆಗೆದರೆ ನಮ್ಮೂರ ಗ್ಯಾರೇಜಿನಲ್ಲಿ ಮಾತಾಡಲು ಬಾಯಿಯೇ ಉಳಿಯುವುದಿಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಾಡು ನಮ್ಮದು. ಖರೆ, ತಾಕತ್ ಇಲ್ಲದೆ ನನ್ನ ತಾಯಿ ಒಂದು ಮಾತೂ ಆಡುತ್ತಿರಲಿಲ್ಲ, ಅವಳಾಡಿದ್ದು ಕನ್ನಡವೇ. ನಾಮಪದ ಹೊರಗಿಂದ ಬರಲಿ. ಹೊಡಿ, ಎಳಿ, ಹಿಡಿ, ಎತ್ತು, ತಿಣುಕು ಎಂಬ ಕ್ರಿಯಾಪದಗಳು ನಮ್ಮವೇ, ಅವನ್ನು ಕಳೆದುಕೊಂಡರೆ ನನಗೆ ಸಂಕಟವಾಗುತ್ತದೆ. ‘ಸೆಲ್ಫ್ ತಿಣಕ್ತದ’ ಎಂಬ ಮಾತನ್ನು ಅಳಿಸಿ ‘ಆರಂಭಕವು ನಿಧಾನಗತಿಯಲ್ಲಿ ಪರಿಭ್ರಮಿಸುತ್ತದೆ’ ಎಂದು ಬರೆದವರೇ ಕನ್ನಡ ಉಳಿಸುತ್ತಿದ್ದೇವೆ ಎನ್ನುತ್ತಾರೆ!

ಇನ್ನೊಂದು. ಬೋರ್ಡಿನಲ್ಲಿ ‘ಭೂಸಂಪರ್ಕ ಪರೀಕ್ಷಿಸಿ’ ಎಂದೂ ಇದೆ. ದಯವಿಟ್ಟು ತೆಗೆಯಿರಿ. ಹೋದ ವರ್ಷ ತೊಗರಿ ರಾಶಿಯ ಹೊತ್ತಿಗೆ ಅಪ್ಪನ ಕಾಲದ ಟ್ರ್ಯಾಕ್ಟರು ತಿಣುಕತೊಡಗಿತು. ಹೊಸ ಬ್ಯಾಟರಿ ಹಾಕಿಸಿದೆ. 12.6 ವೋಲ್ಟ್ ತೋರಿಸುತ್ತಿತ್ತು, ಪಾಡು ಮಾತ್ರ ಅದೇ. ಮಿಸ್ತ್ರಿ ಬಂದು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಟರ್ಮಿನಲ್ಲಿಗೆ, ಇನ್ನೊಂದನ್ನು ಸೆಲ್ಫಿನ ಮೈಗೆ ಒತ್ತಿ ಹಿಡಿದು ‘ಈಗ ಸೆಲ್ಫ್ ಹೊಡಿರಿ’ ಅಂದ. ಮುಳ್ಳು 1 ವೋಲ್ಟ್ ದಾಟಿತು. ಸರಿಯಿದ್ದ ಗಾಡಿಯಲ್ಲಿ ಅಲ್ಲಿ 0.2, ಹೆಚ್ಚೆಂದರೆ 0.3. ಅದಕ್ಕಿಂತ ಹೆಚ್ಚು ತೋರಿಸಿದರೆ ಸೆಲ್ಫಿಗೆ ಸಿಗಬೇಕಾದ ವೋಲ್ಟನ್ನು ಆ ದಾರಿಯೇ ತಿನ್ನುತ್ತಿದೆ ಎಂದರ್ಥ. ಬ್ಯಾಟರಿಯನ್ನು ಗಾಡಿಯ ಮೈಗೆ ಕೂಡಿಸುವ ಅರ್ಥ್ ಪಟ್ಟಿಯ ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ಬಣ್ಣ, ಬಣ್ಣದ ಕೆಳಗೆ ಕೆಂಪು ತುಕ್ಕು. ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಪಾಲಿಶ್ ಪೇಪರಿನಿಂದ ತಿಕ್ಕಿ, ಬೋಲ್ಟ್ ಬಿಗಿದ. ಚಾವಿ ತಿರುವಿದ್ದೇ ತಡ, ಎಂಜಿನ್ ಎದ್ದಿತು. ಪಕ್ಕದಲ್ಲಿದ್ದ ಅಣ್ಣನ ಮಗ ಕೇಳಿದ: ‘ಕಾಕಾ, ಅರ್ಥ್ ಅಂದ್ರ ಭೂಮ್ಯಾಗ ಗೂಟ ಹೊಡಿಬೇಕಲ್ಲ?’ ಅವನ ತಪ್ಪಲ್ಲ, ‘ಭೂಸಂಪರ್ಕ’ ಹೇಳುವುದು ಅದನ್ನೇ. ರಬ್ಬರ್ ಟೈರಿನ ಮೇಲೆ ನಿಂತ ಟ್ರ್ಯಾಕ್ಟರಿಗೆ ನೆಲದ ಸಂಪರ್ಕವೆಲ್ಲಿ? ಅದರ ಅರ್ಥ್ ಅದರದೇ ಕಬ್ಬಿಣದ ಮೈ. ಬ್ರಿಟನ್ನಿನ ಹಳೆ ಫೋರ್ಡ್‌ಸನ್ ಮೇಜರ್, ಫರ್ಗೂಸನ್ ಗಾಡಿಗಳಲ್ಲಿ ಮೈಗೆ ಕೂಡಿಸುತ್ತಿದ್ದುದು ಪ್ಲಸ್ ತಂತಿ. ಹಾಗಾಗಿ ‘ಮೈನಸ್ ತಂತಿ’ ಎಂದೂ ಬರೆಯಬೇಡಿ. ‘ಬಾಡಿ ಅರ್ಥ್’ ಎನ್ನಿ.

ಬೋರ್ಡಿಗೆ ಇಷ್ಟು ಸಾಕು:

ಸೆಲ್ಫ್ ತಿಣುಕುತ್ತಿದೆಯೇ? ಮೊದಲು ಬ್ಯಾಟರಿ ಚಾರ್ಜ್ ನೋಡಿ. ಟರ್ಮಿನಲ್ ಮತ್ತು ಬಾಡಿ ಅರ್ಥ್ ಬಿಚ್ಚಿ, ತುಕ್ಕು ತಿಕ್ಕಿ, ಬಿಗಿಯಿರಿ. ಆಮೇಲೂ ತಿಣುಕಿದರೆ ಸೆಲ್ಫ್ ಇಳಿಸಿ ಬುಷ್, ಬ್ರಷ್ ನೋಡಿಸಿ.